ಸೀತಾನದಿಯಲ್ಲಿ ಅರ್ಧ ದಿನ ಕಯಾಕ್: ಆಗಸ್ಟ್ 15ರ ರಜೆಗೆ ಆಗುತ್ತಾ?

ಬಾತುಕೋಳಿ_ಬೆಂಗಳೂರು · ಜುಲೈ 28, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು. ಗಾಳಿ ತುಂಬೋ ಕಯಾಕ್ ಎರಡಿವೆ, ಒಂದೊಂದರಲ್ಲಿ ಇಬ್ಬಿಬ್ಬರು ಕೂರಬಹುದು. ಇಲ್ಲಿಯವರೆಗೆ ಕೆರೆ, ಹಿನ್ನೀರು, ಒಂದು ಸಲ ದಾಂಡೇಲಿಯಲ್ಲಿ ರಾಫ್ಟಿಂಗ್, ಅಷ್ಟೇ ಅನುಭವ. ಈ ಸಲ ಹರಿಯೋ ಹೊಳೆಯಲ್ಲಿ ಹೋಗಬೇಕು ಅಂತ ಆಸೆ. ಆಗಸ್ಟ್ 15ರ ರಜೆಗೆ ಉಡುಪಿ ಜಿಲ್ಲೆಯ ಹೆಬ್ರಿಗೆ ಬರ್ತಿದ್ದೀವಿ, ಹೋಮ್‌ಸ್ಟೇ ಬುಕ್ ಆಗಿದೆ. ಸೀತಾನದಿ ಅನ್ನೋ ಊರಿನ ಹತ್ತಿರ ನೀರಿಗಿಳಿದು ಹೆಬ್ರಿ ಆಸುಪಾಸಲ್ಲಿ ದಡ ಹತ್ತೋದು. ಮ್ಯಾಪಲ್ಲಿ ಅಳೆದರೆ ಐದಾರು ಕಿಲೋಮೀಟರ್. ಬೆಳಿಗ್ಗೆ 10ಕ್ಕೆ ಶುರು ಮಾಡಿದ್ರೆ ಊಟದ ಹೊತ್ತಿಗೆ ಮುಗಿಯುತ್ತೆ.

ಆ ದಿನ ನೀರು ಸರಿಯಾಗಿರುತ್ತಾ ಅಂತ ಮೊದಲೇ ಹೇಗೆ ತಿಳ್ಕೊಳೋದು? ಯಾವ ಆ್ಯಪ್ ನೋಡಬೇಕು? ಯೂಟ್ಯೂಬಲ್ಲಿ ಒಬ್ಬರು ಮಳೆ ನಿಂತ ಮೇಲೆ ಹೋಗಿ ಅಂತಾರೆ, ಇನ್ನೊಬ್ಬರು ಮಳೆ ಸುರೀವಾಗಲೇ ಮಜಾ ಅಂತಾರೆ. ತಲೆ ಕೆಟ್ಟಿದೆ.

ಹುಬ್ಬಳ್ಳಿ_ಹುಡುಗ · ರಾತ್ರಿ 10:20

ಲೈಫ್ ಜಾಕೆಟ್ ಅದಾವೇನ್ರೀ? ಅದನ್ನೇ ಬರದಿಲ್ಲ ನೋಡ್ರಿ.

ಬಾತುಕೋಳಿ_ಬೆಂಗಳೂರು · ರಾತ್ರಿ 10:24

ಇದೆ ಸರ್, ನಾಲ್ಕು. ಹೆಲ್ಮೆಟ್‌ಗೆ ಬೈಕ್ ಹೆಲ್ಮೆಟ್ ಹಾಕ್ಕೊಂಡ್ರೆ ಸಾಕಲ್ವಾ?

ಗಣೇಶಗುಡಿ_ಗೈಡು · ರಾತ್ರಿ 10:41

ಬೈಕ್ ಹೆಲ್ಮೆಟ್! ನಾನು ಕೆಲಸದಲ್ಲಿ ಎಂತೆಂಥವರನ್ನೋ ನೋಡಿದೀನಿ, ಇದು ಹೊಸದು. ಆ ಹೆಲ್ಮೆಟ್ ಒಳಗೆ ನೀರು ತುಂಬಿದರೆ ಬಕೆಟ್ ಆಗುತ್ತೆ, ಹರಿವು ಅದನ್ನ ಹಿಡಿದು ನಿಮ್ಮ ಕುತ್ತಿಗೇನೇ ಎಳೆಯುತ್ತೆ. ನೀರಿನ ಹೆಲ್ಮೆಟ್‌ಗೆ ತೂತು ಇರೋದು ಗಾಳಿಗಲ್ಲ, ನೀರು ಸೋರಿಹೋಗ್ಲಿ ಅಂತ.

ಇನ್ನೊಂದು. ದಾಂಡೇಲಿ ರಾಫ್ಟಿಂಗ್ ಮಾಡಿದೀವಿ ಅಂದ್ರಲ್ಲ, ಅದನ್ನ ಇದಕ್ಕೆ ಅನುಭವ ಅಂತ ಲೆಕ್ಕ ಹಾಕ್ಬೇಡಿ. ನಮ್ಮ ಕಾಳಿಯಲ್ಲಿ ನೀರು ಬರೋದು ಸೂಪಾ ಡ್ಯಾಮಿನಿಂದ. ಕರೆಂಟ್ ಉತ್ಪಾದನೆಗೆ ಬಿಟ್ಟಾಗ ಬರುತ್ತೆ, ನಿಲ್ಲಿಸಿದಾಗ ಇಳಿಯುತ್ತೆ. ಎಷ್ಟು ಬರುತ್ತೆ ಅಂತ ನಮಗೆ ಹೆಚ್ಚುಕಮ್ಮಿ ಗೊತ್ತಿರುತ್ತೆ. ಸೀತಾನದಿಗೆ ಅಂಥ ಡ್ಯಾಮ್ ಇಲ್ಲ, ಗೇಟ್ ಇಲ್ಲ. ಆಕಾಶವೇ ಗೇಟು.

ಹೊಳೆಬದಿಯವ · ರಾತ್ರಿ 11:05

ನಮ್ಮ ಮನೆ ಆ ಹೊಳೆಯ ಬದಿಯಲ್ಲೇ ಉಂಟು, ಹಾಗಾಗಿ ಹೇಳ್ತೇನೆ. ನೀವು ದಿನ ನಿಗದಿ ಮಾಡಿ ಆಮೇಲೆ ನೀರನ್ನು ಕೇಳ್ತಾ ಇದ್ದೀರಿ. ಅದು ಉಲ್ಟಾ ಮಾರಾಯ್ರೆ. ಹೊಳೆ ನಿಮ್ಮ ರಜೆ ನೋಡಿ ಹರಿಯುವುದಿಲ್ಲ.

ನಮ್ಮ ತೋಟದ ಕೆಳಗೆ ಹೊಳೆಯ ನಡುವೆ ಒಂದು ದೊಡ್ಡ ಬಂಡೆ ಉಂಟು. ನಾವು ಎಮ್ಮೆಕಲ್ಲು ಅಂತೇವೆ. ಬೇಸಗೆಯಲ್ಲಿ ಪೂರ್ತಿ ಕಾಣ್ತದೆ, ಮಲಗಿದ ಎಮ್ಮೆಯ ಹಾಗೆ. ಮಳೆಗಾಲದಲ್ಲಿ ಬೆನ್ನು ಮಾತ್ರ ಕಾಣ್ತದೆ. ಬೆನ್ನು ಒಣಗಿದ್ರೆ ನನ್ನ ಮಗ ಬಲೆ ಹಾಕ್ಲಿಕ್ಕೆ ಹೋಗ್ತಾನೆ. ಬೆನ್ನಿನ ಮೇಲೆ ನೀರು ಹತ್ತಿದ್ರೆ ಅಂಗಳದಲ್ಲೇ ಕೂತಿರ್ತಾನೆ. ನಮ್ಮಲ್ಲಿ ಆ್ಯಪ್ ಅಂದ್ರೆ ಅದೇ.

ಬಾತುಕೋಳಿ_ಬೆಂಗಳೂರು · ರಾತ್ರಿ 11:09

ಸಕತ್ ಸರ್! ಎಮ್ಮೆಕಲ್ಲಿನ ಲೊಕೇಶನ್ ಕಳಿಸ್ತೀರಾ?

ಹೊಳೆಬದಿಯವ · ರಾತ್ರಿ 11:15

ಲೊಕೇಶನ್ ಹಾಕಿದ್ರೆ ನಾಳೆಯೇ ರೀಲ್ಸ್ ಮಾಡ್ಲಿಕ್ಕೆ ಬರ್ತಾರೆ. ನೀವು ಬಂದಾಗ ತೋರಿಸ್ತೇನೆ, ಚಾ ಕುಡಿದು ಹೋಗಿ.

ಅಟ್ಲಾಂಟಾ_ಕನ್ನಡಿಗ · ರಾತ್ರಿ 11:48

ಇಲ್ಲಿ ಜಾರ್ಜಿಯಾ, ಟೆನೆಸಿ ಕಡೆ ನಾವು ಇದನ್ನೇ ವಾರಾಂತ್ಯದಲ್ಲಿ ಮಾಡೋದು. ಕಂಬರ್‌ಲ್ಯಾಂಡ್ ಪ್ರಸ್ಥಭೂಮಿಯ ಹಳ್ಳಗಳೂ ಹೀಗೇ. ಮಳೆ ಬಂದರೆ ತುಂಬುತ್ತವೆ, ಒಂದೆರಡು ದಿನದಲ್ಲಿ ಬಂಡೆ ಮೇಲೆದ್ದು ಬಿಡುತ್ತವೆ. ವ್ಯತ್ಯಾಸ ಏನಂದ್ರೆ ಇಲ್ಲಿ ಸರ್ಕಾರದ ಭೂವಿಜ್ಞಾನ ಇಲಾಖೆ ಬಹಳಷ್ಟು ಹೊಳೆಗಳಲ್ಲಿ ಮಾಪಕ ಇಟ್ಟಿದೆ. ಪ್ರತಿ 15 ನಿಮಿಷದ ಮಟ್ಟ ಫೋನಲ್ಲೇ ಗ್ರಾಫ್ ಆಗಿ ಸಿಗುತ್ತೆ. ನಾವು ಗ್ರಾಫ್ ಏರ್ತಿದ್ರೆ ಮನೇಲಿರ್ತೀವಿ, ಇಳೀತಿದ್ರೆ ಹೊರಡ್ತೀವಿ. ಒಂದೇ ಮಟ್ಟದ ನೀರಾದ್ರೂ ಏರುವಾಗ ಬೇರೆ, ಇಳಿಯುವಾಗ ಬೇರೆ. ಏರೋ ನೀರಲ್ಲಿ ಮರದ ದಿಮ್ಮಿ, ಕೊಂಬೆ ಎಲ್ಲ ನಿಮ್ಮ ಜೊತೆಗೇ ಬರುತ್ತೆ. ಮುಂದಿನ ಗಂಟೆ ಎಷ್ಟಾಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ.

1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಕಯಾಕ್ ಸ್ಪರ್ಧೆ ನಡೆದ ಒಕೋಯಿ ಹೊಳೆ ನಿಮ್ಮ ದಾಂಡೇಲಿ ಥರ, ಡ್ಯಾಮಿನಿಂದ ಬಿಟ್ಟ ನೀರು. ಅಲ್ಲಿ ಕ್ಯಾಲೆಂಡರ್ ನೋಡಿ ಹೋಗಬಹುದು. ಮಳೆ ಹಳ್ಳಕ್ಕೆ ಕ್ಯಾಲೆಂಡರ್ ಇಲ್ಲ.

ತೀರ್ಥಳ್ಳಿ_ಗೌಡ · ಜುಲೈ 29, ಬೆಳಿಗ್ಗೆ 6:50

ಅಮೆರಿಕದ ಗ್ರಾಫ್ ತಗೊಂಡು ಇಲ್ಲಿ ಏನ್ ಮಾಡೋದು ಮಾರಾಯ? ನಮ್ಮಲ್ಲಿ ಮಾಪಕ ಎಲ್ಲಿದೆ?

ಲೆಕ್ಕದ_ಮೇಷ್ಟ್ರು · ಬೆಳಿಗ್ಗೆ 7:30

ಇಲ್ಲವೇ ಇಲ್ಲ ಅಂತೇನಿಲ್ಲ. ಸೀತಾನದಿಗೆ ಆವರ್ಸೆಯಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ಇದೆ. ಆದರೆ ಅದು ಹೆಬ್ರಿಯಿಂದ ಬಹಳ ಕೆಳಗೆ. ಅಲ್ಲಿ ಮಟ್ಟ ಏರಿದ್ದು ಗೊತ್ತಾಗುವ ಹೊತ್ತಿಗೆ ಆ ನೀರು ನಿಮ್ಮನ್ನು ದಾಟಿ ಹೋಗಿರುತ್ತದೆ, ಅಥವಾ ನಿಮ್ಮನ್ನೂ ಜೊತೆಗೆ ತಂದಿರುತ್ತದೆ.

ನಿಮಗೆ ಬೇಕಾದ್ದು ಮೇಲಿನ ಮಳೆಯ ಲೆಕ್ಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ಇಟ್ಟಿದ್ದಾರೆ. ರೈತರಿಗಾಗಿ ವರುಣಮಿತ್ರ ಸಹಾಯವಾಣಿಯೂ ಇದೆ, ಹಗಲು ರಾತ್ರಿ ಕೇಳಬಹುದು. ಹವಾಮಾನ ಇಲಾಖೆಯ ಬಣ್ಣಗಳನ್ನೂ ಅರ್ಥ ಮಾಡಿಕೊಳ್ಳಿ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಆದರೆ ಭಾರಿ, 115.6ರಿಂದ 204.4ರವರೆಗೆ ಅತಿ ಭಾರಿ, ಅದರ ಮೇಲೆ ಅತ್ಯಂತ ಭಾರಿ. ಸಾಮಾನ್ಯವಾಗಿ ಇವಕ್ಕೆ ಕ್ರಮವಾಗಿ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್. ಜನ ಯೆಲ್ಲೋ ಅಂದರೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಸಣ್ಣ ಹೊಳೆಗೆ ಯೆಲ್ಲೋ ಕೂಡ ಬೇಕಾದಷ್ಟಾಯಿತು.

ಒಂದು ಲೆಕ್ಕ ಮಾಡಿ ನೋಡೋಣ. ಒಂದು ಚದರ ಕಿ.ಮೀ. ಜಾಗದ ಮೇಲೆ 1 ಮಿ.ಮೀ. ಮಳೆ ಅಂದರೆ 10 ಲಕ್ಷ ಲೀಟರ್. ಹೊಳೆಗೆ ಮೇಲಿಂದ 40 ಚ.ಕಿ.ಮೀ. ಜಾಗದ ನೀರು ಬರುತ್ತದೆ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಅಲ್ಲಿ 50 ಮಿ.ಮೀ. ಸುರಿದರೆ 200 ಕೋಟಿ ಲೀಟರ್. ಅರ್ಧ ಮಣ್ಣಿಗೆ ಹೋಯಿತು ಅನ್ನಿ, ಉಳಿದ ಅರ್ಧ ಆರು ಗಂಟೆಯಲ್ಲಿ ಹರಿದು ಬಂದರೆ ಸೆಕೆಂಡಿಗೆ ಸರಾಸರಿ 46 ಘನ ಮೀಟರ್, ಅಂದರೆ ಸುಮಾರು 1,600 ಕ್ಯುಸೆಕ್. ಆಗಸ್ಟ್‌ನಲ್ಲಿ ಮಣ್ಣು ಆಗಲೇ ನೆನೆದು ಮುದ್ದೆಯಾಗಿರುತ್ತದೆ, ಹಾಗಾಗಿ ಅರ್ಧ ಕುಡಿಯುತ್ತದೆ ಅನ್ನುವುದೂ ಉದಾರದ ಲೆಕ್ಕವೇ. ಜೂನ್ ಮೊದಲ ಮಳೆಗೆ ಹೊಳೆ ಅಷ್ಟಾಗಿ ಏರುವುದಿಲ್ಲ. ಅದೇ ಮಳೆ ಆಶ್ಲೇಷದಲ್ಲಿ ಬಂದರೆ ಕಥೆಯೇ ಬೇರೆ.

ಬಾತುಕೋಳಿ_ಬೆಂಗಳೂರು · ಬೆಳಿಗ್ಗೆ 8:02

ಮೇಷ್ಟ್ರೇ ಧನ್ಯವಾದ. ಹಾಗಾದ್ರೆ ಆಗುಂಬೆ ಮಳೆ ನೋಡ್ಕೊಂಡು ತೀರ್ಮಾನ ಮಾಡಿದ್ರೆ ಆಯ್ತಲ್ವಾ? ಎಲ್ಲ ಕಡೆ ಬರುತ್ತೆ ಆಗುಂಬೆಯದ್ದು.

ತೀರ್ಥಳ್ಳಿ_ಗೌಡ · ಬೆಳಿಗ್ಗೆ 8:15

ಇದೇ ನೋಡಿ ಎಲ್ಲರೂ ಮಾಡೋ ತಪ್ಪು. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಅನ್ನೋದು ನಿಜ. ಆದ್ರೆ ಆಗುಂಬೆ ಊರಲ್ಲಿ ಬಿದ್ದ ನೀರೆಲ್ಲ ನಿಮ್ಮ ಹೆಬ್ರಿಗೆ ಬರುತ್ತೆ ಅಂದ್ಕೊಂಡ್ರಾ? ಮಾಲತಿ ಹೊಳೆ ಅದನ್ನ ಹೊತ್ಕೊಂಡು ಪೂರ್ವಕ್ಕೆ ಹೋಗಿ ನಮ್ಮ ತುಂಗೆಗೆ ಸೇರಿಸುತ್ತೆ. ಸೀತೆಯದ್ದು ನರಸಿಂಹ ಪರ್ವತದ ಕಡೆಯಿಂದ, ಘಟ್ಟದ ಪಶ್ಚಿಮ ಮುಖದ ನೀರು. ಗಡಿ ಒಂದು ಗುಡ್ಡದ ಏಣು ಅಷ್ಟೆ. ಈ ಕಡೆ ಬಿದ್ದ ಹನಿ ಅರಬ್ಬಿ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಬಂಗಾಳ ಕೊಲ್ಲಿಗೆ.

ಹೊಳೆಬದಿಯವ · ಬೆಳಿಗ್ಗೆ 8:40

ಗೌಡ್ರು ಹೇಳಿದ್ದು ಸರಿ. ಆಗುಂಬೆ ಮಾತ್ರ ನೋಡಿದ್ರೆ ಸಾಲ್ದು, ನಾಡ್ಪಾಲು ಕಡೆ ಎಷ್ಟು ಬಂತು ನೋಡಿ. ಇಲ್ಲಿ ಬಿಸಿಲು ಹೊಡೀತಾ ಇರುವಾಗಲೇ ಹೊಳೆ ಏರಿದ್ದು ನಾನು ಎಷ್ಟೋ ಸಲ ನೋಡಿದ್ದೇನೆ. ಘಟ್ಟದಲ್ಲಿ ಹೊಡೆದ ಮಳೆ ನಮ್ಮಲ್ಲಿಗೆ ಮುಟ್ಲಿಕ್ಕೆ ಎರಡು ಮೂರು ಗಂಟೆ ಸಾಕು.

ಲೆಕ್ಕದ_ಮೇಷ್ಟ್ರು · ಬೆಳಿಗ್ಗೆ 8:55

ಇನ್ನೊಂದು ಸೂಕ್ಷ್ಮ. ಪತ್ರಿಕೆಯಲ್ಲಿ ಬರುವ "ನಿನ್ನೆಯ ಮಳೆ" ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗಿನದು. 90 ಮಿ.ಮೀ. ಅಂತ ಇದ್ದರೆ ಅದು ನಿನ್ನೆ ಮಧ್ಯಾಹ್ನ ಬಂದದ್ದೋ ಇವತ್ತು ಬೆಳಗಿನ ಜಾವ ಬಂದದ್ದೋ ಗೊತ್ತಾಗುವುದಿಲ್ಲ. ಮಧ್ಯಾಹ್ನದ್ದಾದರೆ ಆ ನೀರು ಬಹುಮಟ್ಟಿಗೆ ಇಳಿದಿರುತ್ತದೆ. ಬೆಳಗಿನ ಜಾವದ್ದಾದರೆ ನೀವು ದೋಣಿಗೆ ಗಾಳಿ ತುಂಬುವಾಗ ಸರಿಯಾಗಿ ಬಂದು ಮುಟ್ಟುತ್ತದೆ. ಅದಕ್ಕೇ ಗಂಟೆಗಂಟೆಯ ಲೆಕ್ಕ ಬೇಕು ಅನ್ನುವುದು.

ಪತ್ರೊಡೆ_ಪ್ರಿಯೆ · ಬೆಳಿಗ್ಗೆ 9:10

ಆಗಸ್ಟ್ 15 ಅಂದ್ರೆ ಆಟಿ ತಿಂಗಳ ಕೊನೆ. ಹೋಮ್‌ಸ್ಟೇಯವರ ಹತ್ರ ಪತ್ರೊಡೆ ಕೇಳಿ. ಹೊಳೆಗೆ ಇಳಿಯದೆ ಪತ್ರೊಡೆ ತಿಂದು ವಾಪಸ್ ಹೋದ್ರೂ ಖರ್ಚು ಮಾಡಿದ ದುಡ್ಡು ಬಂತು ಅಂದ್ಕೊಳ್ಳಿ.

ಬಾರ್ಕೂರು_ಬಾಬಣ್ಣ · ಬೆಳಿಗ್ಗೆ 9:32

ಹ್ವಾಯ್, ಹೊಳಿ ಬದಿಗ್ ಹುಟ್ಟಿ ಬೆಳ್ದ್ ನಮ್ಗೇ ಆಟಿ ತಿಂಗ್ಳಂಗೆ ಹೆದ್ರಿಕಿ ಆತ್ತ್, ಇವ್ರಿಗೆ ಗಾಳಿ ದೋಣಿ ಅಂಬ್ರ್!

ಎತ್ತಿನಹೊಳೆ_ಎಕ್ಸ್‌ಪ್ರೆಸ್ · ಬೆಳಿಗ್ಗೆ 10:05

ಸುಮ್ನೆ ಎಲ್ಲರೂ ಹೆದರಿಸ್ತಾ ಇದೀರ. ಸೀತಾನದಿಯಲ್ಲಿ ಮಳೆಗಾಲದಲ್ಲೇ ರಾಫ್ಟಿಂಗ್ ನಡೆಯುತ್ತೆ. ಕೊಡಗಿನ ಬರಪೊಳೆಯಲ್ಲೂ ಅಷ್ಟೆ. ಕೇರಳದ ಕೋಡಂಚೇರಿಯಲ್ಲಿ ಜುಲೈ ತಿಂಗಳ ನಡುಮಳೆಯಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ಅಂತ ಮಾಡ್ತಾರೆ, ಚಾಲಿಪ್ಪುಳ, ಇರುವಂಜಿಪ್ಪುಳ ಹೊಳೆಗಳಿಗೆ ಹೊರದೇಶದ ಕಯಾಕರ್‌ಗಳು ಬಂದು ಇಳೀತಾರೆ. ಅವರು ಮನುಷ್ಯರಲ್ವಾ? ಹೋಗಿ ಗುರು, ಏನಾಗಲ್ಲ.

ಗಣೇಶಗುಡಿ_ಗೈಡು · ಬೆಳಿಗ್ಗೆ 10:30

ಏನಾಗಲ್ಲ ಅನ್ನೋರು ದಡದಲ್ಲಿರ್ತಾರೆ ಯಾವಾಗಲೂ.

ನೀವು ಹೇಳಿದ ಕಡೆಯೆಲ್ಲ ಏನಿರುತ್ತೆ ಗೊತ್ತಾ? ರಾಫ್ಟಲ್ಲಿ ಗೈಡ್, ಮುಂದೆ ಸುರಕ್ಷತೆಗೆ ಅಂತ ಬೇರೆ ಕಯಾಕ್, ದಡದಲ್ಲಿ ಹಗ್ಗ ಹಿಡಿದವರು, ಆ ಹೊಳೆಯ ಒಂದೊಂದು ಕಲ್ಲಿನ ಪರಿಚಯ. ಕೋಡಂಚೇರಿಗೆ ಬರೋರು ವರ್ಷವೆಲ್ಲ ಅದನ್ನೇ ಮಾಡೋರು. ದೋಣಿ ಮಗುಚಿದ್ರೆ ನೀರೊಳಗಿಂದಲೇ ಉರುಳಿ ಏಳ್ತಾರೆ. ಈ ನಾಲ್ಕು ಜನ ಕೆರೆಯಲ್ಲಿ ಸೆಲ್ಫಿ ತಗೊಂಡೋರು. ಬಾತುಕೋಳಿ ಅವರೇ ಬೇಜಾರಾಗ್ಬೇಡಿ.

ಬಾತುಕೋಳಿ_ಬೆಂಗಳೂರು · ಬೆಳಿಗ್ಗೆ 10:33

ಬೇಜಾರಿಲ್ಲ. ಸೆಲ್ಫಿ ಚೆನ್ನಾಗೇ ಬಂದಿತ್ತು.

ನಿಯಮ_ನಾಣಿ · ಬೆಳಿಗ್ಗೆ 11:20

ಯಾರೂ ಅನುಮತಿ ವಿಷಯ ಎತ್ತಲಿಲ್ಲ. ಸೋಮೇಶ್ವರ ವನ್ಯಜೀವಿ ಅಭಯಾರಣ್ಯ (1974ರಲ್ಲಿ ಘೋಷಣೆ ಆದದ್ದು) ಅಲ್ಲೇ ಇದೆ, ಹೊಳೆ ಅದರೊಳಗಿಂದಲೇ ಬರುತ್ತೆ. ಅಭಯಾರಣ್ಯದ ಗಡಿಯೊಳಗೆ ನೀರಿಗೆ ಇಳಿಯೋದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾರ್ಕಳದ ಕುದುರೆಮುಖ ವನ್ಯಜೀವಿ ವಿಭಾಗದಲ್ಲಿ ವಿಚಾರಿಸಿ. ನೀವು ಇಳಿಯೋ ಜಾಗ ಗಡಿಯ ಒಳಗೋ ಹೊರಗೋ ಅಂತ ಮೊದಲು ನೋಡಿ, ಮ್ಯಾಪಲ್ಲಿ ಹಸಿರು ಕಂಡ ಕಡೆಯೆಲ್ಲ ಇಳಿಯೋ ಹಾಗಿಲ್ಲ. ಜೊತೆಗೆ ಮಳೆಗಾಲದಲ್ಲಿ ಜಿಲ್ಲಾಡಳಿತ ನದಿ, ಜಲಪಾತಕ್ಕೆ ಇಳಿಯಬಾರದು ಅಂತ ಆದೇಶ ಮಾಡಿದ್ದರೆ ನಿಮ್ಮ ಪ್ಲಾನ್ ಅಲ್ಲಿಗೇ ಮುಗೀತು. 2023ರ ಜುಲೈಯಲ್ಲಿ ಕೊಲ್ಲೂರು ಹತ್ತಿರದ ಅರಶಿನಗುಂಡಿಯಲ್ಲಿ ಒಬ್ಬ ಹುಡುಗ ಕಾಲುಜಾರಿ ಹೋದದ್ದು ಎಲ್ಲರ ಫೋನಲ್ಲೂ ಓಡಾಡಿತ್ತಲ್ಲ.

ಎತ್ತಿನಹೊಳೆ_ಎಕ್ಸ್‌ಪ್ರೆಸ್ · ಬೆಳಿಗ್ಗೆ 11:31

ಅದು ಜಲಪಾತ, ಇದು ಹೊಳೆ. ಬೇರೆ ಬೇರೆ.

ಹೊಳೆಬದಿಯವ · ಬೆಳಿಗ್ಗೆ 11:50

ಈ ಹೊಳೆಯಲ್ಲೇ ಜಲಪಾತವೂ ಉಂಟು ಸ್ವಾಮಿ. ಮೇಲೆ ಕೂಡ್ಲು ತೀರ್ಥ, ಕೆಳಗೆ ಜೋಮ್ಲು ತೀರ್ಥ. ಹೆಬ್ರಿಯಲ್ಲಿ ಹತ್ತೋದು ತಪ್ಪಿ ಹಾಗೇ ಮುಂದೆ ಹೋದ್ರೆ ಜೋಮ್ಲು ಸ್ವಾಗತ ಮಾಡ್ತದೆ. ಹತ್ತುವ ಜಾಗ ಮೊದಲು ನೋಡಿ, ಅಲ್ಲೊಂದು ಗುರುತು ಕಟ್ಟಿ, ಕೆಂಪು ಬೈರಾಸೋ ಎಂತದ್ದೋ. ನೀರಿನಿಂದ ನೋಡಿದ್ರೆ ದಡ ಎಲ್ಲ ಒಂದೇ ಥರ ಕಾಣ್ತದೆ.

ಅದಕ್ಕಿಂತ ದೊಡ್ಡ ವಿಷಯ ಕಿಂಡಿ ಅಣೆಕಟ್ಟು. ನಮ್ಮ ಕರಾವಳಿ ಹೊಳೆಗಳಲ್ಲಿ ಅಲ್ಲಲ್ಲಿ ಉಂಟು. ಮಳೆಗಾಲ ಮುಗಿದ ಮೇಲೆ ಹಲಗೆ ಹಾಕ್ತಾರೆ, ಮಳೆಗೆ ಮೊದಲು ತೆಗೀತಾರೆ. ಹಲಗೆ ತೆಗೆದಿದ್ದಾರೆ, ಕಿಂಡಿಯಲ್ಲಿ ನುಗ್ಗಿದ್ರೆ ಆಯ್ತು ಅಂತ ಹೋಗ್ಬೇಡಿ. ಕಿಂಡಿಗೆ ಮರ, ಬಿದಿರು, ಬಾಳೆಗಿಡ ಎಲ್ಲ ಬಂದು ಅಡ್ಡ ಸಿಕ್ಕಿರ್ತದೆ. ನೀರು ಸಂದಿಯಲ್ಲಿ ಹೋಗ್ತದೆ, ನೀವು ಹೋಗುವುದಿಲ್ಲ.

ಗಣೇಶಗುಡಿ_ಗೈಡು · ಮಧ್ಯಾಹ್ನ 12:15

ಇದನ್ನ ಎಲ್ಲರೂ ಎರಡು ಸಲ ಓದಿ. ದೊಡ್ಡ ಬಂಡೆ, ಬಿಳಿ ನೊರೆ ನೋಡಿ ಜನ ಹೆದರ್ತಾರೆ. ಕೊಲ್ಲೋದು ಮಾತ್ರ ಇಂಥ ಸಪ್ಪೆ ಕಾಣೋ ಜಾಗ. ಜರಡಿ ಥರ ಅಡ್ಡ ಬಿದ್ದ ಮರ ಒಂದು. ಮೇಲಿಂದ ನೀರು ಸಮನಾಗಿ ಬೀಳೋ ಕಟ್ಟೆ ಇನ್ನೊಂದು. ಕಟ್ಟೆ ಕೆಳಗೆ ನೀರು ಹಿಂದಕ್ಕೆ ತಿರುಗಿ ಸುತ್ತುತ್ತಾ ಇರುತ್ತೆ, ಬಿದ್ದವನನ್ನ ಕಟ್ಟೆ ಕಡೆಗೇ ಎಳ್ಕೊಳ್ಳುತ್ತೆ, ಲೈಫ್ ಜಾಕೆಟ್ ಇದ್ರೂ. ಎರಡಡಿ ಎತ್ತರದ ಕಟ್ಟೆ ಅಂತ ಹಗುರ ಮಾಡ್ಬೇಡಿ. ಕಟ್ಟೆ ಕಂಡ ತಕ್ಷಣ ದಡಕ್ಕೆ, ದೋಣಿ ಹೆಗಲ ಮೇಲೆ.

ನೀರಿಗೆ ಬಿದ್ರೆ ಅಂಗಾತ ಮಲಗಿ ಪಾದ ಹರಿವಿನ ಕಡೆಗೆ ಚಾಚಿ, ಕಾಲ್ಬೆರಳು ನೀರ ಮೇಲೆ ಕಾಣೋ ಹಾಗೆ. ಎದ್ದು ನಿಲ್ಲೋಕೆ ಹೋಗ್ಬೇಡಿ. ಕಾಲು ಕಲ್ಲಿನ ಸಂದಿಗೆ ಸಿಕ್ಕಿದ್ರೆ ಮೊಣಕಾಲು ನೀರಲ್ಲೇ ಮುಳುಗಿ ಹೋಗ್ತೀರ. ಅಡ್ಡಮರ ಬಂದ್ರೆ ಮಾತ್ರ ಉಲ್ಟಾ: ತಿರುಗಿ, ತಲೆ ಮುಂದೆ ಮಾಡಿ ಈಜಿ, ಮರದ ಮೇಲೆ ಹತ್ತಿಬಿಡಿ. ಕೆಳಗೆ ಮಾತ್ರ ಹೋಗ್ಬೇಡಿ.

ಲೆಕ್ಕದ_ಮೇಷ್ಟ್ರು · ಮಧ್ಯಾಹ್ನ 12:40

ನೀರಿನ ವೇಗ ಎರಡರಷ್ಟಾದರೆ ನಿಮ್ಮ ಮೇಲಿನ ಒತ್ತಡ ನಾಲ್ಕರಷ್ಟು. ಎಮ್ಮೆಕಲ್ಲಿನ ಬೆನ್ನಿಗೂ ಕೊಂಬಿಗೂ ನಡುವಿನ ಗೇಣಿನ ಅಂತರದಲ್ಲಿ ಇದೆಲ್ಲ ನಡೆದುಹೋಗುತ್ತದೆ.

ಹೊಳೆಬದಿಯವ · ಮಧ್ಯಾಹ್ನ 12:44

ಎಮ್ಮೆಕಲ್ಲಿಗೆ ಕೊಂಬಿಲ್ಲ ಮೇಷ್ಟ್ರೇ.

ಡಾಕ್ಟರ_ಮಗಳು · ಮಧ್ಯಾಹ್ನ 1:30

ಇಲಿಜ್ವರದ ಬಗ್ಗೆ ಯಾರೂ ಹೇಳಿಲ್ಲ. ಮಳೆಗಾಲದಲ್ಲಿ ಉಡುಪಿ, ದಕ್ಷಿಣ ಕನ್ನಡದಲ್ಲಿ ಮಾಮೂಲು. ಕಾಲಲ್ಲಿ ಗಾಯ ಇದ್ದರೆ ನೀರಲ್ಲಿರೋ ರೋಗಾಣು ಅದರ ಮೂಲಕ ಒಳಗೆ ಹೋಗುತ್ತೆ. ಬೆಂಗಳೂರಿಗೆ ಹೋಗಿ ಒಂದೆರಡು ವಾರದೊಳಗೆ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ "ಹೊಳೆ ನೀರಿಗೆ ಇಳಿದಿದ್ದೆ" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅಲ್ಲಿ ಡೆಂಗಿ ಅಂತಲೇ ಹುಡುಕ್ತಾ ಕೂರ್ತಾರೆ. ಉಂಬಳಕ್ಕೆ ಹೆದರಬೇಡಿ, ಅದು ಬರೀ ರಕ್ತ ಕುಡಿದು ಬಿಡುತ್ತೆ.

ಹುಬ್ಬಳ್ಳಿ_ಹುಡುಗ · ಮಧ್ಯಾಹ್ನ 1:36

"ಬರೀ ರಕ್ತ ಕುಡಿದು" ಅಂತಾರಲ್ರೀ ಮೇಡಂ 😄

ತೀರ್ಥಳ್ಳಿ_ಗೌಡ · ಮಧ್ಯಾಹ್ನ 2:10

ನಾವು ಸಣ್ಣವರಿದ್ದಾಗ ಜೂನಲ್ಲಿ ಹತ್ತುಮೀನು ಹಿಡಿಯೋಕೆ ಹಳ್ಳಕ್ಕೆ ಇಳೀತಿದ್ವಿ, ರಾತ್ರಿ, ಗ್ಯಾಸ್‌ಲೈಟ್ ಹಿಡ್ಕೊಂಡು. ಅಜ್ಜ ಒಂದೇ ಮಾತು ಹೇಳಿ ಕಳಿಸ್ತಿದ್ದರು. ನೀರಿನ ಬಣ್ಣ ನೋಡ್ತಾ ಇರು. ತಿಳಿ ಇದ್ದದ್ದು ಚಾ ಬಣ್ಣಕ್ಕೆ ತಿರುಗಿ, ದರಗು, ಕಡ್ಡಿ ತೇಲಿಕೊಂಡು ಬರೋಕೆ ಶುರುವಾದ್ರೆ ಮೀನು ಬಿಟ್ಟು ಓಡು. ಒಂದ್ಸಲ ಹಾಗೇ ಆಯ್ತು. ಬುಟ್ಟಿ ಅಲ್ಲೇ ಬಿಟ್ಟು ದರೆ ಹತ್ತಿದ್ವಿ, ತಿರುಗಿ ನೋಡೋವಷ್ಟರಲ್ಲಿ ನಾವು ನಿಂತಿದ್ದ ಕಲ್ಲು ಇರಲಿಲ್ಲ. ಬುಟ್ಟಿಯಲ್ಲಿ ಎರಡು ಒಳ್ಳೆ ಮೀನಿತ್ತು, ಅದರ ಬೇಜಾರು ಇನ್ನೂ ಇದೆ.

ಪತ್ರೊಡೆ_ಪ್ರಿಯೆ · ಮಧ್ಯಾಹ್ನ 2:18

ಗೌಡ್ರೇ, ಮೊಟ್ಟೆಯಿಡೋಕೆ ಹತ್ತೋ ಮೀನನ್ನ ಹಿಡಿದರೆ ಮುಂದೆ ಹೊಳೆಯಲ್ಲಿ ಮೀನೆಲ್ಲಿಂದ?

ತೀರ್ಥಳ್ಳಿ_ಗೌಡ · ಮಧ್ಯಾಹ್ನ 2:25

ಈಗ ಬಿಟ್ಟಿದೀವಿ ತಾಯಿ. ಇದಕ್ಕೆ ಬೇರೆ ಎಳೆ ಶುರು ಮಾಡಿ, ಅಲ್ಲಿ ಬೈಸ್ಕೊಳ್ತೀನಿ.

ಬಾತುಕೋಳಿ_ಬೆಂಗಳೂರು · ಸಂಜೆ 7:40

ಎಲ್ಲ ಓದಿದೆ. ಗೆಳೆಯರ ಗುಂಪಲ್ಲಿ ಜಗಳವೂ ಆಯ್ತು. ಈಗ ತೀರ್ಮಾನ ಹೀಗಿದೆ: ಆಗಸ್ಟ್ 15ಕ್ಕೆ ಹೆಬ್ರಿಗೆ ಬರೋದು ಗಟ್ಟಿ, ಹೊಳೆಗೆ ಇಳಿಯೋದು ಗಟ್ಟಿ ಅಲ್ಲ. ಬೆಳಿಗ್ಗೆ 10ರ ಬದಲು 7:30ಕ್ಕೆ ಎಮ್ಮೆಕಲ್ಲು ನೋಡ್ತೀವಿ. ಎಮ್ಮೆ ಬೇಡ ಅಂದ್ರೆ ಸಮುದ್ರದ ಕಡೆ ಎಲ್ಲಾದ್ರೂ ಹಿನ್ನೀರಲ್ಲಿ ಹುಟ್ಟು ಹಾಕ್ತೀವಿ. ಅನುಮತಿಗೆ ನಾಳೆ ಫೋನ್ ಮಾಡ್ತೀನಿ. ನೀರಿನ ಹೆಲ್ಮೆಟ್, ನೀರಿಗೆ ಬಿದ್ದವರಿಗೆ ಎಸೆಯೋ ಹಗ್ಗದ ಚೀಲ ಬಾಡಿಗೆಗೆ ಸಿಕ್ತು. ಸೆಪ್ಟೆಂಬರ್ ಆದ್ರೆ ಮಳೆ ಕಮ್ಮಿ, ಆಗ ಏನೂ ತೊಂದರೆ ಇರಲ್ಲ ಅಲ್ವಾ?

ಬಾರ್ಕೂರು_ಬಾಬಣ್ಣ · ಸಂಜೆ 7:58

2020ರ ಸೆಪ್ಟೆಂಬರ್ 20 ನೆನಪುಂಟಾ? ಉಡುಪಿ ಮುಳುಗಿದ್ದು, ಸ್ವರ್ಣಾ ನದಿ ಉಕ್ಕಿ ಮನೆಯೊಳಗೆ ದೋಣಿ ಬಂದದ್ದು ಅದೇ "ಮಳೆ ಕಮ್ಮಿ" ಇರುವ ತಿಂಗಳಲ್ಲಿ.

ಹಿನ್ನೀರಿಗೆ ಹೋಗುವುದಾದ್ರೆ ಸಾಲಿಗ್ರಾಮದ ಪಾರಂಪಳ್ಳಿ ಕಡೆ ಹೋಗಿ. ಇದೇ ಸೀತೆಯ ಹಿನ್ನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ನಡುವೆ ಕಯಾಕ್ ನಡೀತದೆ, ಅಲ್ಲಿಯವರನ್ನೇ ಕರ್ಕೊಂಡು ಹೋಗಿ. ಉಬ್ಬರ ಇಳಿತದ ಹೊತ್ತು ಕೇಳ್ಕೊಳ್ಳಿ. ಹೊಳೆಯಲ್ಲಿ ನೆರೆ ಇದ್ದು ಅದರ ಜೊತೆ ಸಮುದ್ರದ ಇಳಿತವೂ ಸೇರಿದ್ರೆ ಕೋಡಿಬೆಂಗ್ರೆ ಅಳಿವೆ ಕಡೆಗೆ ಎಳೀತದೆ. ಆಮೇಲೆ ಲಕ್ಷದ್ವೀಪದಿಂದ ಫೋನ್ ಮಾಡ್ಬೇಕು.

ಅಟ್ಲಾಂಟಾ_ಕನ್ನಡಿಗ · ರಾತ್ರಿ 9:15

ಒಳ್ಳೆ ತೀರ್ಮಾನ. ಎರಡು ಸಣ್ಣ ವಿಷಯ. ಹತ್ತೋ ಜಾಗದಲ್ಲಿ ಮೊದಲೇ ಒಂದು ಗಾಡಿ ನಿಲ್ಲಿಸಿ, ಅದರ ಕೀಲಿ ನೀರಿಗಿಳಿಯೋರ ಹತ್ತಿರ ಇರಲಿ. ನಾನು ಒಮ್ಮೆ ಕೀಲಿಯನ್ನ ಮೇಲಿನ ಗಾಡೀಲಿ ಬಿಟ್ಟು ಒದ್ದೆ ಚಡ್ಡೀಲಿ 9 ಮೈಲಿ ನಡೆದಿದ್ದೆ, ಹೆಂಡತಿ ಇನ್ನೂ ಎಲ್ಲರಿಗೂ ಹೇಳ್ತಾಳೆ. ಆಮೇಲೆ ಸನ್ನೆ. ಹುಟ್ಟನ್ನ ನೆಟ್ಟಗೆ ಎತ್ತಿ ಹಿಡಿದರೆ ಬನ್ನಿ ಅಂತ, ಅಡ್ಡ ಹಿಡಿದರೆ ನಿಲ್ಲಿ ಅಂತ. ಸೀಟಿ ಮೂರು ಸಲ ಊದಿದರೆ ಅಪಾಯ. ನೀರಿನ ಸದ್ದಿನಲ್ಲಿ ಕೂಗಿದ್ದು ಕೇಳಿಸಲ್ಲ.

ಬಾತುಕೋಳಿ_ಬೆಂಗಳೂರು · ಆಗಸ್ಟ್ 17, ರಾತ್ರಿ 11:30

ವರದಿ ಒಪ್ಪಿಸ್ತಿದೀನಿ.

ಆಗುಂಬೆ ಘಾಟಿಯಲ್ಲೇ ಎರಡೂವರೆ ಗಂಟೆ ಟ್ರಾಫಿಕ್. ಮಾರನೇ ದಿನ ಬೆಳಿಗ್ಗೆ 7:20ಕ್ಕೆ ಹೊಳೆಬದಿಯವರ ಮನೆ ಮುಟ್ಟಿದ್ವಿ. ಆಕಾಶ ತಿಳಿ, ಬಿಸಿಲು. ಎಮ್ಮೆಕಲ್ಲಿನ ಬೆನ್ನು ಒಣಗಿತ್ತು, ಅದರ ಮೇಲೊಂದು ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. ನಮಗೆ ಖುಷಿ. ದೋಣಿಗೆ ಗಾಳಿ ತುಂಬೋಕೆ ಶುರು ಮಾಡಿದ್ವಿ. ಯಜಮಾನರು ಚಾ ಕುಡಿದು ಹೋಗಿ ಅಂದ್ರು, ಚಾ ಜೊತೆ ಪತ್ರೊಡೆಯೂ ಬಂತು. ವಾಪಸ್ ಬಂದು ನೋಡಿದ್ರೆ ನೀರುಕಾಗೆ ಇಲ್ಲ. ಕಲ್ಲಿನ ಬೆನ್ನು ಒದ್ದೆ. ಹತ್ತು ನಿಮಿಷ ನಿಂತು ನೋಡಿದ್ವಿ, ದಡದ ಮರಳಲ್ಲಿ ಚುಚ್ಚಿದ್ದ ಕಡ್ಡಿ ಮುಳುಗ್ತು. ಒಂದು ಹನಿ ಮಳೆ ಇಲ್ಲ ಅಲ್ಲಿ! ವರುಣಮಿತ್ರಕ್ಕೆ ಫೋನ್ ಮಾಡಿದ್ರೆ ಮೇಲೆ ಬೆಳಗಿನ ಜಾವದಿಂದ ಜೋರು ಮಳೆ ಅಂದ್ರು. ರಾತ್ರಿ ಮಲಗೋ ಮುಂಚೆ ನೋಡಿದ್ದೆ, ಬೆಳಿಗ್ಗೆ ಎದ್ದು ಮತ್ತೆ ನೋಡಲೇ ಇಲ್ಲ. ತಪ್ಪು ನನ್ನದೇ.

ದೋಣಿಯ ಗಾಳಿ ಬಿಟ್ಟು ಪಾರಂಪಳ್ಳಿಗೆ ಹೋದ್ವಿ. ಕಾಂಡ್ಲಾ ನಡುವೆ ಒಂದೂವರೆ ಗಂಟೆ. ಚೆನ್ನಾಗಿತ್ತು. ಒಬ್ಬ ಗೆಳೆಯ ಇನ್ನೂ ಮುನಿಸ್ಕೊಂಡಿದಾನೆ, "ಪತ್ರೊಡೆ ತಿನ್ನದಿದ್ರೆ ಇಳಿದುಬಿಡ್ತಿದ್ವಿ" ಅಂತ.

ಪತ್ರೊಡೆ_ಪ್ರಿಯೆ · ರಾತ್ರಿ 11:34

ನಾನು ಹೇಳಿರಲಿಲ್ವಾ!!

ಗಣೇಶಗುಡಿ_ಗೈಡು · ಆಗಸ್ಟ್ 18, ಬೆಳಿಗ್ಗೆ 6:10

ಆ ಗೆಳೆಯನಿಗೆ ಹೇಳಿ, ಇಳಿದಿದ್ರೆ ಮುನಿಸ್ಕೊಳ್ಳೋಕೂ ಟೈಮ್ ಸಿಗ್ತಿರಲಿಲ್ಲ.

ಎತ್ತಿನಹೊಳೆ_ಎಕ್ಸ್‌ಪ್ರೆಸ್ · ಬೆಳಿಗ್ಗೆ 9:00

ಗೇಣು ನೀರು ಏರಿದ್ದಕ್ಕೆ ವಾಪಸ್ ಬಂದ್ರಾ? 🙄

ಹೊಳೆಬದಿಯವ · ಬೆಳಿಗ್ಗೆ 9:45

ಎಕ್ಸ್‌ಪ್ರೆಸ್ ಅವರೇ, ಅವತ್ತು ಮಧ್ಯಾಹ್ನ ಕಲ್ಲೇ ಕಾಣ್ತಿರಲಿಲ್ಲ. ನಮ್ಮ ಪಂಪ್‌ಶೆಡ್ಡಿನ ಮೆಟ್ಟಿಲಿಗೆ ನೀರು ಬಂದಿತ್ತು. ನೀವೂ ಒಮ್ಮೆ ಬನ್ನಿ, ಚಾ ಕೊಡ್ತೇನೆ.

ಬಾತುಕೋಳಿ_ಬೆಂಗಳೂರು · ಸೆಪ್ಟೆಂಬರ್ 22, ರಾತ್ರಿ 8:50

ಕೊನೆಗೂ ಆಯ್ತು. ಹೊಳೆಬದಿಯವರು ಮೂರು ದಿನದಿಂದ ಎಮ್ಮೆಕಲ್ಲಿನ ಫೋಟೋ ಕಳಿಸ್ತಿದ್ರು, ಶುಕ್ರವಾರ ರಾತ್ರಿ "ಬನ್ನಿ" ಅಂತ ಒಂದೇ ಪದ ಬಂತು. ಅಭಯಾರಣ್ಯದ ಗಡಿ ದಾಟಿದ ಮೇಲಿನ ಜಾಗದಿಂದ ಇಳಿದ್ವಿ, ಜೊತೆಗೆ ಅಲ್ಲಿಯ ರಾಫ್ಟಿಂಗ್ ಹುಡುಗರಿಬ್ಬರನ್ನ ದುಡ್ಡು ಕೊಟ್ಟು ಕರ್ಕೊಂಡು ಹೋಗಿದ್ವಿ. ಮೊದಲ ಒಂದು ಗಂಟೆ ಸ್ವರ್ಗ. ಒಂದು ಕಟ್ಟೆ ಬಂತು, ಇಳಿದು ಹೊತ್ಕೊಂಡು ದಾಟಿದ್ವಿ. ಒಂದು ಬಿದಿರುಮೆಳೆ ಅಡ್ಡ ಬಿದ್ದಿತ್ತು, ಅಲ್ಲೂ ಹೊತ್ವಿ. ನಾನು ಒಂದು ಸಲ ಮಗುಚಿದೆ, ಅಂಗಾತ ಮಲಗಿ ಕಾಲ್ಬೆರಳು ನೋಡ್ಕೊಂಡೇ ದಡ ಸೇರಿದೆ.

ತಮಾಷೆ ಏನಂದ್ರೆ ಕೊನೆಯ ಮುಕ್ಕಾಲು ಕಿಲೋಮೀಟರ್ ನೀರೇ ಸಾಲಲಿಲ್ಲ. ತಳ ಕಲ್ಲಿಗೆ ಉಜ್ಜಿ ಉಜ್ಜಿ, ದೋಣಿ ಎಳ್ಕೊಂಡು ನಡೆದ್ವಿ. ಒಂದು ದೋಣಿ ತೂತಾಯ್ತು.

ಲೆಕ್ಕದ_ಮೇಷ್ಟ್ರು · ರಾತ್ರಿ 9:05

ಮೂರು ದಿನ ಮಳೆ ಇಲ್ಲ ಅಂದರೆ ಹಾಗೇ. ಒಂದು ದಿನ ಮೊದಲು ಹೋಗಿದ್ದರೆ ತಳ ಉಳಿಯುತ್ತಿತ್ತು.

ಬಾತುಕೋಳಿ_ಬೆಂಗಳೂರು · ರಾತ್ರಿ 9:08

ಒಂದು ದಿನ ಮೊದಲು ಆಫೀಸ್ ಇತ್ತು ಮೇಷ್ಟ್ರೇ.

ಹೊಳೆಬದಿಯವ · ರಾತ್ರಿ 9:30

ನಿಮ್ಮ ಪೈಕಿ ಯಾರದ್ದೋ ನೀಲಿ ಚಪ್ಪಲಿ, ಎಡಗಾಲಿನದ್ದು, ನಮ್ಮ ತೋಟದ ಕೆಳಗೆ ಸಿಕ್ಕಿ ಉಂಟು. ಬಲಗಾಲಿನದ್ದು ಬಾರ್ಕೂರಲ್ಲಿ ಬಾಬಣ್ಣನಿಗೆ ಸಿಕ್ಕಿದ್ರೆ ಹೇಳ್ತಾರೆ.

ಬಾರ್ಕೂರು_ಬಾಬಣ್ಣ · ರಾತ್ರಿ 9:41

ಕಾಣ್ತಾ ಇದ್ದೇನೆ. ಎಷ್ಟು ನಂಬರ್?